ಜುಲೈಯಲ್ಲಿ ಮಂಗಳೂರಿಗೆ ಬರುವುದಾದರೆ ಎಂತ ತಿನ್ನುವುದು?

ಪುಟ್ಟೀ, ನಿನ್ನೆ ರಾತ್ರಿ ಗ್ರೂಪಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ಜುಲೈ 18, 19ಕ್ಕೆ ಮಂಗಳೂರಿಗೆ ಬರುತ್ತೇವೆ, ಇವರಿಗೆ ಮೀನು ಬೇಕು, ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಎಲ್ಲಿ ಏನು ತಿನ್ನುವುದು ಹೇಳಿ ದೊಡ್ಡಮ್ಮ ಅಂತ. ವಾಯ್ಸ್ ಕಳಿಸುವ ಅಂತಲೇ ಶುರು ಮಾಡಿದೆ. ತಿರುಗಿ ಕೇಳಿದರೆ ಹಂಚಿನ ಮೇಲೆ ಮಳೆ ಹೊಡೆಯುವ ಸದ್ದು ಬಿಟ್ಟು ಬೇರೇನೂ ಇಲ್ಲ! ಅದಕ್ಕೇ ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸುತ್ತಾ ಇದ್ದೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದು.

ಮೊದಲು ಅಳಿಯಂದಿರಿಗೆ ಬೇಜಾರಿನ ಸುದ್ದಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕಡೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅಲ್ವಾ. ನಾಡದೋಣಿಯವರು ಮಾತ್ರ ಹೋಗುತ್ತಾರೆ, ಅದೂ ಕಡಲು ಬಿಟ್ಟರೆ. ತಮಿಳುನಾಡು, ಆಂಧ್ರದ ಕಡಲಲ್ಲಿ ಈ ರಜೆ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಈಗ ಆ ಕಡೆಯ ಮೀನು ಐಸಿನಲ್ಲಿ ಮಲಗಿ ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ನಮ್ಮ ತಮ್ಮ ಮಹಾಶಯ ಗ್ರೂಪಿಗೆ ಹಾಕಿದ ‘ಮಂಗಳೂರಲ್ಲಿ ತಿನ್ನಲೇಬೇಕಾದ ಹತ್ತು’ ಪಟ್ಟಿಯಲ್ಲಿ ಅಂಜಲ್ ಮೀನಿನ ರವಾ ಫ್ರೈ ಮೊದಲು ಉಂಟು. ಜುಲೈಯಲ್ಲಿ ದುಬಾರಿ ದುಡ್ಡು ಕೊಟ್ಟು ಐಸಿನ ಅಂಜಲ್ ತಿನ್ನಲಿಕ್ಕೆ ಬೆಂಗಳೂರಿನಿಂದ ಇಲ್ಲಿವರೆಗೆ ಯಾಕೆ ಬರಬೇಕು ಮಾರಾಯ್ತಿ?

ಆದರೂ ಅಳಿಯಂದಿರನ್ನು ಪೂರ್ತಿ ಉಪವಾಸ ಹಾಕುವುದು ಬೇಡ. ಒಂದು ಮಧ್ಯಾಹ್ನ ಬಂದರಿನ ನಾರಾಯಣಕ್ಕೋ ಕಾರ್‌ಸ್ಟ್ರೀಟಿನ ಗಿರಿಮಂಜಾಸ್‌ಗೋ ಹೋಗಲಿ. ಎರಡೂ ಸಣ್ಣ ಹೋಟೆಲು, ಹನ್ನೆರಡೂವರೆ ದಾಟಿದರೆ ಬಾಗಿಲಲ್ಲಿ ನಿಲ್ಲಬೇಕು. ರಜೆ ಉಂಟೋ ಇಲ್ಲವೋ ಅಂತ ಫೋನ್ ಮಾಡಿ ಹೊರಡಿ. ಕುಳಿತ ಕೂಡಲೇ ಮೀನಿನ ಹೆಸರು ಹೇಳಬಾರದು. “ಇವತ್ತು ನಾಡದೋಣಿದು ಎಂತ ಉಂಟು?” ಅಂತ ಕೇಳಲಿ. ಬೂತಾಯಿ ಅಂದರೆ ಬೂತಾಯಿ, ಬಂಗುಡೆ ಅಂದರೆ ಬಂಗುಡೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ತವಾ ಫ್ರೈ. ಬೂತಾಯಿಯ ಮುಳ್ಳಿಗೆ ಹೆದರುವುದು ಬೇಡ ಅಂತ ಹೇಳು, ಬಾಯಿಗೆ ಬಂದದ್ದನ್ನು ತಟ್ಟೆಯ ಬದಿಗೆ ಇಟ್ಟರಾಯಿತು.

ಈಗ ಒಳ್ಳೆಯ ಸುದ್ದಿ. ನೀವು ಬರುವುದು ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಕಾಲಿಡುವ ಹೊತ್ತಿಗೆ. ಹಿಂದೆ ಈ ತಿಂಗಳು ಕೆಲಸವೂ ಇಲ್ಲ, ತರಕಾರಿಯೂ ಇಲ್ಲ. ಮಳೆಗೆ ಹಿತ್ತಲಲ್ಲಿ ಎದ್ದದ್ದನ್ನೇ ಕೊಯ್ದು ತಿಂದರು. ಕೆಸು, ತಗಟೆ ಸೊಪ್ಪು, ಕಣಿಲೆ ಅಂದರೆ ಎಳೆ ಬಿದಿರು, ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ. ಮಂಗಳೂರಿನ ನಿಜವಾದ ಊಟ ಇದು, ವರ್ಷದಲ್ಲಿ ಎರಡು ತಿಂಗಳು ಮಾತ್ರ. ಅದೂ ಅತ್ತೆಯವರು ತಿನ್ನುವಂಥದ್ದೇ ಎಲ್ಲ. ಆಟಿ ಅಮಾವಾಸ್ಯೆಯ ಪಾಲೆ ಮರದ ತೊಗಟೆಯ ಕಷಾಯ ಮಾತ್ರ ನಿಮಗೆ ತಪ್ಪುತ್ತದೆ. ಅದು ಎಷ್ಟು ಕಹಿ ಅಂತ ಗೊತ್ತಿದ್ದವರಿಗೆ ಇದೂ ಒಳ್ಳೆಯ ಸುದ್ದಿಯೇ.

ಕೆಸುವಿನ ಎಲೆಯ ಪತ್ರೊಡೆ ಮಳೆಗಾಲದಲ್ಲಿ ಸಸ್ಯಾಹಾರಿ ಹೋಟೆಲುಗಳ ಬೋರ್ಡಿನಲ್ಲಿ ಕಾಣುತ್ತದೆ. ಕಂಡರೆ ಬಿಡಬೇಡಿ. ಆದರೆ ಶನಿವಾರ ಸಂಜೆ ನಮ್ಮ ಮನೆಗೆ ಬಂದರೆ ನಾನೇ ಮಾಡುತ್ತೇನೆ. ಹಿತ್ತಲ ಮಾವಿನ ಮರದ ಕವಲಿನಲ್ಲಿ ಮರಕೆಸು ಎದ್ದಿದೆ. ನೆಲದ ಕೆಸುವಿಗಿಂತ ಅದು ಮೆತ್ತಗೆ, ತುರಿಕೆಯೂ ಕಡಿಮೆ. ಅಕ್ಕಿ, ಕೊತ್ತಂಬರಿ, ಒಣಮೆಣಸು, ಹುಣಸೆಹುಳಿ, ಬೆಲ್ಲ ರುಬ್ಬಿ, ಎಲೆಯ ಬೆನ್ನಿಗೆ ಹಚ್ಚಿ, ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಸುತ್ತಿ ಹಬೆಯಲ್ಲಿ ಬೇಯಿಸುವುದು. ಹುಳಿ ಕಡಿಮೆ ಮಾಡಬಾರದು. ಮದುವೆಯಾದ ವರ್ಷ ನಾನು ರುಚಿಗೆ ಅಂತ ಹುಳಿ ಕಮ್ಮಿ ಹಾಕಿ, ಇಡೀ ಮನೆ ಗಂಟಲು ಕೆರೆದುಕೊಂಡು ಕೂತಿತ್ತು. ಮಾವನವರು ಒಂದು ಮಾತು ಆಡಲಿಲ್ಲ, ಸುಮ್ನೆ ಎದ್ದು ಹೋಗಿ ಮಜ್ಜಿಗೆ ಕುಡಿದರು. ಇವತ್ತಿಗೂ ಹುಳಿ ಹಿಂಡುವಾಗ ನನಗೆ ಅವರೇ ನೆನಪು. ಮತ್ತೆ, ಬೆಂದ ದಿನಕ್ಕಿಂತ ಮಾರನೇ ದಿನದ ಪತ್ರೊಡೆ ಜಾಸ್ತಿ ರುಚಿ. ಬಿಲ್ಲೆ ಮಾಡಿ ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು, ಅಂಚು ಕಪ್ಪಾಗುವ ತನಕ ಕಾಯಿಸಬೇಕು. ಭಾನುವಾರದ ತಿಂಡಿ ಅದೇ ಅಂದುಕೋ.

ಉಳಿದದ್ದಕ್ಕೆಲ್ಲ ಗಡಿಯಾರ ನೋಡಿ ತಿನ್ನಬೇಕು. ಇಲ್ಲಿ ಹೊತ್ತು ತಪ್ಪಿದರೆ ರುಚಿಯೂ ತಪ್ಪುತ್ತದೆ. ಬಸ್ಸು ಶಿರಾಡಿ ಘಾಟಿ ಇಳಿದು ಬಿಜೈ ಬಸ್‌ಸ್ಟ್ಯಾಂಡಿಗೆ ಬರುವಾಗ ಆರೂವರೆ, ಏಳು ಆಗುತ್ತದೆ. ರೂಮಿಗೆ ಚೀಲ ಬಿಸಾಡಿ ಮೊದಲು ಬನ್ಸ್. ಬನ್ಸ್ ಅಂದರೆ ಬೇಕರಿಯದ್ದಲ್ಲ ಅಂತ ಅಳಿಯಂದಿರಿಗೆ ಮೊದಲೇ ಹೇಳಿಡು. ಸಿಪ್ಪೆ ಕಪ್ಪಾದ ಬಾಳೆಹಣ್ಣು ಹಿಸುಕಿ, ಮೈದಾ, ಮೊಸರು, ಸಕ್ಕರೆ, ಜೀರಿಗೆ ಕಲಸಿ ರಾತ್ರಿಯಿಡೀ ಇಟ್ಟು ಕರಿದದ್ದು. ಸಿಹಿ ಬನ್ಸಿಗೆ ಖಾರ ಚಟ್ನಿ, ಸಾಂಬಾರು ಕೊಡುತ್ತಾರೆ. ಮುಖ ಕಿವುಚದೆ ಒಂದು ಸಲ ಅದ್ದಿ ನೋಡಲಿ. ಕೊಡಿಯಾಲಬೈಲಿನ ನ್ಯೂ ತಾಜ್‌ಮಹಲ್ ಆಗುತ್ತದೆ, ಬಂಟ್ಸ್ ಹಾಸ್ಟೆಲ್ ರಸ್ತೆಯ ವುಡ್‌ಲ್ಯಾಂಡ್ಸ್ ಆಗುತ್ತದೆ. ಅತ್ತೆಯವರಿಗೆ ವುಡ್‌ಲ್ಯಾಂಡ್ಸೇ ಸರಿ, ಗಲಾಟೆ ಕಡಿಮೆ.

ನಾಲ್ಕು ಗಂಟೆಗೆ ಗೋಳಿಬಜೆ. ಅದು ತಟ್ಟೆಗೆ ಬಂದು ಐದು ನಿಮಿಷದಲ್ಲಿ ಹೋಗಬೇಕು, ಆರಿದ ಗೋಳಿಬಜೆ ರಬ್ಬರ್. ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ರಾಶಿ ಹಾಕಿಟ್ಟಿದ್ದರೆ ಮುಂದೆ ನಡೆಯಿರಿ. ಬಾಣಲೆ ಕಾಣುವ ಹಾಗೆ ನಿಂತು ನೋಡಿದರೆ ಇನ್ನೂ ಚೆಂದ. ಹುಳಿ ಮೊಸರಿನ ಹಿಟ್ಟನ್ನು ಮುಷ್ಟಿಯಿಂದ ಹಿಂಡಿ ಎಣ್ಣೆಗೆ ಬಿಟ್ಟರೆ ಅದು ಉಬ್ಬಿ ಉಬ್ಬಿ ತಾನೇ ಮಗುಚಿಕೊಳ್ಳುತ್ತದೆ.

ರಾತ್ರಿಗೆ ಅಳಿಯಂದಿರಿಗೆ ಕೋರಿ ರೊಟ್ಟಿ. ಕಾಗದದ ಹಾಗೆ ತೆಳ್ಳಗಿನ ಒಣ ರೊಟ್ಟಿ ಮುರಿದು ಮೇಲೆ ಕೋಳಿ ಸಾರು ಸುರಿಯುವುದು. ಒಂದೇ ಸಲ ಎಲ್ಲ ಸುರಿಯಬೇಡಿ, ಮಾತಾಡುತ್ತಾ ಕೂತರೆ ಗಂಜಿ ಆಗುತ್ತದೆ. ನಿನ್ನ ದೊಡ್ಡಪ್ಪನಿಗೆ ಹಾಗೆ ಗಂಜಿ ಆದದ್ದೇ ಇಷ್ಟ, ಅದು ಬೇರೆ ಮಾತು. ಅದೇ ಹೊತ್ತಿಗೆ ನೀನೂ ಅತ್ತೆಯವರೂ ನೀರುದೋಸೆಗೆ ಕಾಯಿ ಬೆಲ್ಲ ಹಾಕಿಸಿಕೊಂಡು ತಿನ್ನಿ.

ಕೊನೆಗೆ ಐಡಿಯಲ್. 1975ರಿಂದ ಇರುವ ಐಸ್‌ಕ್ರೀಮ್ ಅಂಗಡಿ, ಹಂಪನಕಟ್ಟೆ ಹತ್ತಿರ ಒಂದು, ಲಾಲ್‌ಬಾಗಿನಲ್ಲಿ ಪಬ್ಬಾಸ್ ಅಂತ ಇನ್ನೊಂದು. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಗೋಡಂಬಿ ಎಲ್ಲ ಒಂದರ ಮೇಲೊಂದು ತುಂಬಿಸಿ ಗಡ್‌ಬಡ್ ಕೊಡುತ್ತಾರೆ. ಗಡ್‌ಬಡ್ ಹುಟ್ಟಿದ್ದು ನಮ್ಮಲ್ಲಿ ಅಂತ ಉಡುಪಿಯವರು ಜಗಳಕ್ಕೆ ಬರುತ್ತಾರೆ, ಬರಲಿ. ಊಟದ ಮೇಲೆ ಒಬ್ಬರಿಗೆ ಒಂದು ಜಾಸ್ತಿಯೇ. ಮೂವರಿಗೆ ಎರಡು ಹೇಳಿ.

ಭಾನುವಾರ ಅತ್ತೆಯವರಿಗೆ ಉಡುಪಿ ಕೃಷ್ಣನನ್ನು ತೋರಿಸಬೇಕು ಅಂದಿದ್ದೆಯಲ್ಲ, ಸುಮಾರು 60 ಕಿಲೋಮೀಟರ್. ದರ್ಶನ ಮುಗಿಸಿ ಮಠದ ಊಟಕ್ಕೇ ಕೂರಿ. ಹೋಟೆಲ್ ಹುಡುಕುವ ಕೆಲಸವೇ ಇಲ್ಲ. ಸಂಜೆಯ ಕಾಫಿಗೆ ರಥಬೀದಿಯ ಹತ್ತಿರ ಮಿತ್ರ ಸಮಾಜ ಉಂಟು.

ಬೀಚಿಗೆ ಹೋಗುವುದಾದರೆ ದೂರದಿಂದ ನೋಡಿ ಬನ್ನಿ, ಈ ತಿಂಗಳು ಕಡಲು ಯಾರ ಮಾತೂ ಕೇಳುವುದಿಲ್ಲ. ಊರಿಗೆ ಒಯ್ಯಲಿಕ್ಕೆ ಹಲ್ವಾ ಗಿಲ್ವಾ ಬೇಡ. ರೊಟ್ಟಿಯ ಎರಡು ಪ್ಯಾಕೆಟ್, ಹಲಸಿನ ಹಪ್ಪಳ ಒಂದು ಕಟ್ಟು. ರೊಟ್ಟಿ ಬಟ್ಟೆಯ ಚೀಲದ ಮೇಲ್ಗಡೆ ಇಡು, ಇಲ್ಲದಿದ್ದರೆ ಬೆಂಗಳೂರಿಗೆ ಪುಡಿ ತಲುಪುತ್ತದೆ.

ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಾರಾ ಇಲ್ಲವಾ, ಅದು ಹೇಳು ಮೊದಲು. ಮತ್ತೆ ಶುಕ್ರವಾರ ಬಸ್ಸು ಹತ್ತಿದ ಕೂಡಲೇ ಒಂದು ಮೆಸೇಜ್ ಹಾಕು. ನಾನು ಅಕ್ಕಿ ನೆನೆ ಹಾಕಬೇಕು, ಎಲೆ ಕೊಯ್ಯಲಿಕ್ಕೆ ನಿನ್ನ ದೊಡ್ಡಪ್ಪನನ್ನು ಏಣಿ ಹತ್ತಿಸಬೇಕು.