ಸಂಜೆಯ ಬೀದಿಚಿತ್ರಗಳು ಮಸುಕಾಗುವುದೇಕೆ?

ಬೀದಿನೋಟ:
ಕಚೇರಿಗೆ ಹೋಗಿ ಬರುವ ದಾರಿಯಲ್ಲಿ ಕಾಣುವ ಜನರನ್ನೂ ಕಟ್ಟಡಗಳನ್ನೂ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ಸೆರೆಹಿಡಿಯುವುದು ನನ್ನ ಹವ್ಯಾಸ. ಹಗಲಿನಲ್ಲಿ ತೊಂದರೆಯಿಲ್ಲ, ಆದರೆ ಸಂಜೆಯ ಹೊತ್ತು ನಡೆದಾಡುವವರ ಚಿತ್ರಗಳೆಲ್ಲ ಮಸುಕಾಗಿ ಮೂಡುತ್ತವೆ. ಇದಕ್ಕೆ ದುಬಾರಿ ಲೆನ್ಸ್ ಕೊಳ್ಳುವುದೊಂದೇ ದಾರಿಯೇ?

ಅರೆಬೆಳಕು:
ಖಂಡಿತ ಅಲ್ಲ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ತಾನಾಗಿಯೇ ಶಟರನ್ನು (ಬೆಳಕನ್ನು ಒಳಬಿಡುವ ತೆರೆಯನ್ನು) ಹೆಚ್ಚು ಹೊತ್ತು ತೆರೆದಿಡುವುದರಿಂದ, ಆ ಅವಧಿಯಲ್ಲಿ ವ್ಯಕ್ತಿ ಸರಿದಷ್ಟೂ ಚಿತ್ರ ಮಸುಕಾಗುತ್ತದೆ. ಶಟರ್ ವೇಗವನ್ನು ಸೆಕೆಂಡಿನ 1/250 ಭಾಗಕ್ಕೆ ನಿಗದಿಪಡಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಅಳತೆ) 3200ರವರೆಗೆ ಏರಲು ಬಿಡಿ. (ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ತೀರಾ ಸಣ್ಣದಾದರೆ 1600ಕ್ಕೆ ನಿಲ್ಲಿಸುವುದು ಲೇಸು.) ಚಿತ್ರದಲ್ಲಿ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಕಾಣಿಸಬಹುದಾದರೂ ಅದನ್ನು ತಂತ್ರಾಂಶದಿಂದ ಬಹುಮಟ್ಟಿಗೆ ತಗ್ಗಿಸಬಹುದು, ಚಲನೆಯಿಂದ ಮಸುಕಾದ ಮುಖವನ್ನು ಸರಿಪಡಿಸುವುದು ಬಹಳ ಕಷ್ಟ. ದೀಪ ಬೆಳಗಿದ ಅಂಗಡಿಯೊಂದರ ಎದುರು ನಿಂತು, ಜನರು ಆ ಬೆಳಕಿಗೆ ಬರುವವರೆಗೆ ಕಾಯುವುದು ಇನ್ನೂ ಸುಲಭ.

ಕಿಟಕಿಗಾಜು:
ಮೇಲಿನ ಮಾತಿಗೆ ನನ್ನ ಸಹಮತವಿದೆ, ಆದರೆ ಎಲ್ಲ ಮಸುಕನ್ನೂ ದೋಷವೆನ್ನಲಾರೆ. ಕ್ಯಾಮೆರಾವನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿದು 1/8 ಸೆಕೆಂಡಿನಲ್ಲಿ ತೆಗೆದರೆ, ಕಟ್ಟಡಗಳು ನಿಚ್ಚಳವಾಗಿ ಉಳಿದು ಜನಸಂದಣಿ ಮಾತ್ರ ಹರಿಯುವಂತೆ ಕಾಣುತ್ತದೆ. ಕೊಳ್ಳುವ ವಿಚಾರಕ್ಕೆ ಬಂದರೆ, ಬೀದಿಚಿತ್ರಗಳಿಗೆ ಹೆಸರಾದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸೋನ್ ತಮ್ಮ ಬಹುಪಾಲು ಕೆಲಸವನ್ನು ಸಾಧಾರಣ 50 ಮಿ.ಮೀ. ನಾಭಿದೂರದ ಲೆನ್ಸಿನಲ್ಲಿಯೇ ಮಾಡಿದರು.

ಬೀದಿನೋಟ:
ಧನ್ಯವಾದಗಳು. ಜನಸಂದಣಿ ಹರಿಯುವ ಚಿತ್ರವನ್ನೇ ಮೊದಲು ಪ್ರಯತ್ನಿಸುತ್ತೇನೆ. ಹತ್ತಿರದಿಂದ ತೆಗೆಯುವಾಗ ಅಪರಿಚಿತರ ಅನುಮತಿ ಕೇಳಬೇಕೇ?

ಅರೆಬೆಳಕು:
ಈ ಕುರಿತ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಕಾನೂನು ಏನೇ ಇರಲಿ, ಯಾರಾದರೂ ಬೇಡವೆಂದರೆ ಅವರೆದುರೇ ಚಿತ್ರವನ್ನು ಅಳಿಸಿಬಿಡಿ.