ಬಂಗಡೆ ಸಾರಿಗೆ ತೆಪ್ಪಲ್ ಬದಲು ಜಪಾನಿನ ಸಾನ್ಶೋ ನಡೆಯುತ್ತದೆಯೇ?

ಕೋಡಿಬಾಗದವಳು, ಕಾರವಾರ:
ಒಸಾಕಾದಲ್ಲಿ ಕೆಲಸದಲ್ಲಿರುವ ಮೈದುನ ರಜೆಗೆ ಬಂದವನು ಸಾನ್ಶೋ ಪುಡಿಯ ಪುಟ್ಟ ಡಬ್ಬಿ ಕೊಟ್ಟಿದ್ದಾನೆ. ಹಸಿರು ಬಣ್ಣ, ಮುಚ್ಚಳ ತೆರೆದರೆ ನಿಂಬೆಸಿಪ್ಪೆಯ ಘಮ, ನಾಲಿಗೆಗಿಟ್ಟರೆ ನಮ್ಮ ಮೀನುಸಾರಿನ ಮಸಾಲೆಕಾಯಿ ತೆಪ್ಪಲ್‌ನಂತೆಯೇ ಜುಮ್ಮೆನ್ನುತ್ತದೆ. ಮನೆಯಲ್ಲಿ ತೆಪ್ಪಲ್ ಮುಗಿದಿದೆ, ಸಂತೆಯಲ್ಲಿ ಸಿಕ್ಕಿದ್ದರಲ್ಲಿ ಸಿಪ್ಪೆಗಿಂತ ಕರಿ ಬೀಜವೇ ಹೆಚ್ಚು. ಬಂಗಡೆ ಸಾರಿಗೆ ಇದನ್ನೇ ಹಾಕಲೇ? ಹಾಕುವುದಾದರೆ ಯಾವಾಗ? ‘ಒಳ್ಳೆಯ ಮೀನನ್ನು ಕೆಡಿಸಬೇಡ’ ಎಂದು ಅತ್ತೆ ಈಗಾಗಲೇ ಗೊಣಗಿದ್ದಾರೆ.

ಅಂಕೋಲೆಯ ಅಕ್ಕ:
ತಂಗಿ, ನಿಮ್ಮ ಅತ್ತೆಯ ಪಕ್ಷವೇ ನನ್ನದು, ಆದರೆ ಸಾರಿನ ಮಟ್ಟಿಗೆ ಮಾತ್ರ. ಎರಡೂ ಒಂದೇ ಜಾತಿಯ ಮುಳ್ಳುಗಿಡಗಳು, ನಿಂಬೆ ಮತ್ತು ಕರಿಬೇವಿನ ಕುಟುಂಬಕ್ಕೆ ಸೇರಿದವು. ಎರಡರಲ್ಲೂ ಬೇಕಾದದ್ದು ಸಿಪ್ಪೆ, ಬೀಜವಲ್ಲ. ಹಾಗೆಂದು ಅಡುಗೆ ಒಂದೇ ಅಲ್ಲ. ತೆಪ್ಪಲ್‌ನ ಒಣ ಸಿಪ್ಪೆ ಗಟ್ಟಿ. ಸ್ವಲ್ಪ ನೀರಿನಲ್ಲಿ ಜಜ್ಜಿ, ಆ ನೀರಿನ ಸಮೇತ ಸಾರಿಗೆ ಬಿಟ್ಟರೆ ಕುದಿಯನ್ನು ತಡೆದುಕೊಂಡು ಘಮ ಕೊಡುತ್ತದೆ, ಮರುದಿನದ ಸಾರು ಇನ್ನೂ ರುಚಿ. ಸಾನ್ಶೋ ಪುಡಿಯ ಘಮವೋ ಆವಿಯ ಜೊತೆ ಹಾರಿಹೋಗುತ್ತದೆ. ಉಳಿದದ್ದನ್ನು ಹುಣಸೆ, ಬ್ಯಾಡಗಿ ಮೆಣಸು, ತೆಂಗಿನಕಾಯಿ ಸೇರಿ ನುಂಗಿಬಿಡುತ್ತವೆ.

ಜಪಾನಿನಲ್ಲಿ ಅದು ಹೆಚ್ಚಾಗಿ ಬೀಳುವುದು ಸಿಹಿ ಸೋಯಾ ರಸ ಸವರಿ ಕೆಂಡದ ಮೇಲೆ ಸುಟ್ಟ ಹಾವುಮೀನಿನ ಮೇಲೆ, ಅದೂ ತಿನ್ನುವ ಹೊತ್ತಿಗೆ. ಜಿಡ್ಡಿನ ಮೀನಿಗೆ ಅದು ಹೇಳಿ ಮಾಡಿಸಿದ್ದು. ನಮ್ಮ ಬಂಗಡೆ, ತಾರ್ಲೆಗಳಿಗೆ ಜಿಡ್ಡಿನ ಕೊರತೆಯೇನಿದೆ? ಉಪ್ಪು, ಅರಿಸಿನ ಮಾತ್ರ ಹಚ್ಚಿ ಕಾವಲಿಯ ಮೇಲೆ ಹುರಿಯಿರಿ. ರವೆ ಬೇಡ, ಕೆಂಪು ಮಸಾಲೆಯಂತೂ ಬೇಡವೇ ಬೇಡ. ತಟ್ಟೆಗೆ ತೆಗೆದ ಮೇಲೆ ಒಂದು ಚಿಟಿಕೆ ಉದುರಿಸಿ. ಹೆಚ್ಚಾದರೆ ಬಾಯಿ ಮರಗಟ್ಟಿ ಮೀನಿನ ರುಚಿಯೇ ತಿಳಿಯುವುದಿಲ್ಲ.

ಶಿರಸಿಯ ತೋಟದವನು:
ಮೀನು ತಿನ್ನದವರನ್ನೂ ಸ್ವಲ್ಪ ನೆನೆಯಿರಿ. ಸಾನ್ಶೋವಿನ ಎಳೆ ಚಿಗುರಿಗೆ ಕಿನೋಮೆ ಎನ್ನುತ್ತಾರೆ. ವಸಂತದಲ್ಲಿ ಅಲ್ಲಿಯವರು ಅದನ್ನು ಕಳಲೆಯ ಜೊತೆ ತಿನ್ನುತ್ತಾರೆ. ಕಳಲೆ ನಮಗೇನು ಹೊಸದೇ? ನಮ್ಮಲ್ಲಿ ಮಳೆಗಾಲದಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ನೀರು ಬದಲಿಸಿ ಕಹಿ ಬಿಡಿಸಿದ ಕಳಲೆಯನ್ನು ತೆಂಗಿನೆಣ್ಣೆಯಲ್ಲಿ ಬಾಡಿಸಿ, ಉಪ್ಪು ಹಾಕಿ, ಇಳಿಸಿದ ಮೇಲೆ ಈ ಪುಡಿ ಸೇರಿಸಿ ನೋಡಿ. ಇಂಗು ಹಾಕಿದರೆ ಮಾತ್ರ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಕೋಡಿಬಾಗದವಳು:
ಹುರಿದ ಬಂಗಡೆಯ ಮಾತು ಒಪ್ಪಿದೆ. ಆದರೂ ಸಾರಿಗೆ ಒಮ್ಮೆಯಾದರೂ ಹಾಕದೆ ನನಗೆ ನಿದ್ದೆ ಬರುವುದಿಲ್ಲ.

ಅಂಕೋಲೆಯ ಅಕ್ಕ:
ಹಠವಿದ್ದರೆ ಪಾತ್ರೆಗೆ ಹಾಕಬೇಡಿ, ನಿಮ್ಮ ಬಟ್ಟಲಿಗೆ ಮಾತ್ರ ಹಾಕಿಕೊಳ್ಳಿ. ಅತ್ತೆಗೆ ಬೀಜ ಆರಿಸಿದ ತೆಪ್ಪಲ್ ಸಾರನ್ನೇ ಬಡಿಸಿ. ಡಬ್ಬಿಯನ್ನು ಒಲೆಯ ಪಕ್ಕ ಇಡಬೇಡಿ. ಬಿಗಿಯಾಗಿ ಮುಚ್ಚಿ ಫ್ರೀಜರ್‌ನಲ್ಲಿಡಿ. ನಮ್ಮ ಕರಾವಳಿಯ ಸೆಕೆಗೆ ಆ ಘಮ ಹೆಚ್ಚು ದಿನ ನಿಲ್ಲುವುದಿಲ್ಲ.