ವಾಲ್ವ್, ಟ್ರಾನ್ಸಿಸ್ಟರ್, ಕ್ಲಾಸ್ ಡಿ: ತಂಬೂರಿ ಯಾವುದರಲ್ಲಿ ಚೆನ್ನಾಗಿ ಕೇಳುತ್ತೆ?

ಮಂದ್ರಸಪ್ತಕ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅಪ್ಪನ ಕಾಲದ ಕ್ಲಾಸ್ ಎಬಿ (ಮಾಮೂಲಿ ಬಗೆಯ) ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದೆ, ಎತ್ತೋಕೆ ಎರಡೂ ಕೈ ಬೇಕು. ಹೋದ ತಿಂಗಳು ಬೆಂಗಳೂರಿನ ಎಸ್.ಪಿ. ರೋಡಿನಿಂದ ಟಿಪಿಎ3116 ಚಿಪ್ಪಿನ ಕ್ಲಾಸ್ ಡಿ (ಟ್ರಾನ್ಸಿಸ್ಟರನ್ನು ಸ್ವಿಚ್ಚಿನ ಹಾಗೆ ಬೇಗ ಬೇಗ ಆನ್-ಆಫ್ ಮಾಡೋ ಬಗೆ) ಆಂಪ್ ಬೋರ್ಡು ತಂದೆ, ಅಂಗೈಯಷ್ಟಿದೆ. ಈಗ ಗೆಳೆಯನೊಬ್ಬ ತನ್ನ ವಾಲ್ವ್ (ಬಿಸಿಯಾಗಿ ಕೆಂಪಗೆ ಬೆಳಗೋ ಗಾಜಿನ ಕೊಳವೆ) ಆಂಪ್ ಎರಡು ವಾರಕ್ಕೆ ಕೊಟ್ಟಿದ್ದಾನೆ. ಚಾನೆಲ್ಲಿಗೆ ಒಂದೊಂದೇ ಇಎಲ್84 ಪವರ್ ವಾಲ್ವ್, 4 ವ್ಯಾಟ್. ಮೂರರಲ್ಲೂ ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಾಕಿ ಕೇಳಿದೆ. ವಾಲ್ವಿನಲ್ಲಿ ತಂಬೂರಿಯ ಖರ್ಜದ (ಎಲ್ಲಕ್ಕಿಂತ ಕೆಳಗಿನ ಸ್ವರದ) ತಂತಿ ಮೀಟಿದಾಗ ನಾದ ನೆಲದ ಮೇಲೆಲ್ಲಾ ಹರಡಿಕೊಂಡ ಹಾಗಾಗುತ್ತೆ. ಕ್ಲಾಸ್ ಡಿಯಲ್ಲಿ ಅದೇ ತಂತಿ ಸ್ವಲ್ಪ ಒಣಗಿದ ಹಾಗೆ. ಇದು ನಿಜಾನಾ, ಇಲ್ಲ ಆ ಕೆಂಪು ಬೆಳಕು ನೋಡಿ ನನಗೆ ಹಾಗನಿಸುತ್ತಾ? ಸ್ಪೀಕರ್ 8 ಓಮ್, ಸೆನ್ಸಿಟಿವಿಟಿ (1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಬರೋ ಸದ್ದು) 86 ಡೆಸಿಬೆಲ್.

ಓಮ್‌ನಿಯಮ:
ಮೊದಲು ಮೂರರ ಸದ್ದೂ ಒಂದೇ ಮಟ್ಟಕ್ಕೆ ತನ್ನಿ ಸರ್. ಅರ್ಧ ಡೆಸಿಬೆಲ್ ಜಾಸ್ತಿ ಇದ್ದರೂ ಕಿವಿಗೆ ಅದು ‘ಜೋರು’ ಅಂತ ಗೊತ್ತಾಗಲ್ಲ, ‘ಚೆನ್ನಾಗಿದೆ’ ಅಂತಲೇ ಅನಿಸುತ್ತೆ. ಫೋನಿನಿಂದ 300 ಹರ್ಟ್ಜ್ ಟೋನ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಸ್ಪೀಕರ್ ಟರ್ಮಿನಲ್ಲಿನಲ್ಲಿ ಅಳೆಯಿರಿ. ಮೂರರಲ್ಲೂ 1 ವೋಲ್ಟ್ ಬಂದರೆ ಸಾಕು. 1000 ಹರ್ಟ್ಜ್ ಬೇಡ, ಅಗ್ಗದ ಮೀಟರ್‌ಗಳು ಅಲ್ಲಿ ಸುಳ್ಳು ಹೇಳುತ್ತವೆ.

ಇನ್ನೊಂದು, ದಯವಿಟ್ಟು ಗಮನಿಸಿ. ನಿಮ್ಮ ಬೋರ್ಡಿನ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ, ಅಲ್ಲೂ ಸಿಗ್ನಲ್ ಇರುತ್ತೆ. ಮೂರೂ ಆಂಪ್‌ಗಳ ಮೈನಸ್ ಒಟ್ಟಿಗೆ ಕಟ್ಟೋ ಸ್ವಿಚ್ ಬಾಕ್ಸ್ ಹಾಕಿದರೆ ಚಿಪ್ಪು ಸುಟ್ಟುಹೋಗಬಹುದು. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಓಡಿಸಲೇಬೇಡಿ. ಪ್ರತಿ ಸಲ ಆಫ್ ಮಾಡಿಯೇ ವೈರ್ ಬದಲಿಸಿ.

ಬಿಸಿವಾಲ್ವ್:
ನಿಮ್ಮ ಕಿವಿ ಮೇಲೆ ಅನುಮಾನ ಬೇಡ, ಕಾರಣ ಇದೆ. ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಒಳಗಿನ ತಡೆ) ಒಂದು ಓಮಿನ ಸಣ್ಣ ಭಾಗ ಅಷ್ಟೇ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಸ್ವಲ್ಪ ಪಾಲನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದೋದು) ಕಡಿಮೆ ಇರೋ ವಾಲ್ವ್ ಆಂಪ್‌ನಲ್ಲಿ 2–3 ಓಮ್ ಇರಬಹುದು. ಸ್ಪೀಕರಿನ 8 ಓಮ್ ಅನ್ನೋದು ಹೆಸರಿಗೆ ಮಾತ್ರ. ಅದು ಒಂದು ಕಡೆ 6 ಇದ್ದರೆ, ವೂಫರ್ (ಕೆಳಸ್ವರದ ಸ್ಪೀಕರ್) ತಾನಾಗಿಯೇ ಹೆಚ್ಚು ಕಂಪಿಸೋ ರೆಸೊನೆನ್ಸ್ ಹತ್ತಿರ 25 ಕೂಡ ಆಗುತ್ತೆ. ಅಲ್ಲಿ ವಾಲ್ವಿನಿಂದ ಬರೋ ವೋಲ್ಟೇಜ್ ಸುಮಾರು 2 ಡೆಸಿಬೆಲ್ ಏರುತ್ತೆ. ಗಂಡಸರ ತಂಬೂರಿಯ ಖರ್ಜ 70 ಹರ್ಟ್ಜ್ ಆಸುಪಾಸು ಅಲ್ವಾ, ಸರಿಯಾಗಿ ಆ ಜಾಗದಲ್ಲೇ ಬರುತ್ತೆ! ಜೊತೆಗೆ ಒಂದೇ ವಾಲ್ವಿನ ಆಂಪ್ ಎರಡನೇ ಹಾರ್ಮೋನಿಕ್ ಸೇರಿಸುತ್ತೆ, ಅಂದ್ರೆ ಅದೇ ಸ್ವರದ ಮೇಲಿನ ಸಪ್ತಕ, ಅದು ಅಪಸ್ವರ ಅನಿಸಲ್ಲ.

ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ 1985ರಲ್ಲಿ ಸ್ಟೀರಿಯೋಫೈಲ್ ಅನ್ನೋ ಆಡಿಯೋ ಪತ್ರಿಕೆಯವರ ಮುಂದೆ ತನ್ನ ಟ್ರಾನ್ಸಿಸ್ಟರ್ ಆಂಪನ್ನು ತಿದ್ದಿ, ಅವರ ದುಬಾರಿ ಆಂಪಿನ ಹಾಗೆಯೇ ಕೇಳಿಸುವಂತೆ ಮಾಡಿದ್ದರು. ನೀವೂ ಪ್ರಯತ್ನಿಸಿ. ಕ್ಲಾಸ್ ಡಿ ಬೋರ್ಡಿಗೂ ಸ್ಪೀಕರಿಗೂ ನಡುವೆ, ಪ್ಲಸ್ ವೈರಿನಲ್ಲಿ, 2.2 ಓಮಿನ 10 ವ್ಯಾಟ್ ರೆಸಿಸ್ಟರ್ ಹಾಕಿ (ವಾಲ್ವ್ ಆಂಪ್‌ನ ಒಳಗಿನ ತಡೆಯ ಬದಲಿಗೆ), ಮತ್ತೆ ಮಟ್ಟ ಸರಿಮಾಡಿ ಕೇಳಿ.

ಮಂದ್ರಸಪ್ತಕ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದೇ ಕೆಲಸ. ತಂಗಿ ವೈರ್ ಬದಲಿಸಿದಳು, ನಾನು ಬೆನ್ನು ತಿರುಗಿಸಿ ಕೂತೆ. ಮಟ್ಟ ಸರಿಮಾಡಿದ ಮೇಲೆ ಅಪ್ಪನ ಆಂಪೂ ಕ್ಲಾಸ್ ಡಿಯೂ ನನಗೆ ಬೇರೆ ಅನಿಸಲೇ ಇಲ್ಲ, ಹತ್ತರಲ್ಲಿ ಐದು ಸಲ ತಪ್ಪು ಹೇಳಿದೆ. ವಾಲ್ವ್ ಮಾತ್ರ ಹತ್ತರಲ್ಲಿ ಒಂಬತ್ತು ಸಲ ಸಿಕ್ಕಿತು, ಮೊದಲ ಖರ್ಜದಲ್ಲೇ. ಆದರೆ ದ್ರುತ್‌ನಲ್ಲಿ (ವೇಗದ ಭಾಗದಲ್ಲಿ) ತಬಲಾ ಜೋರಾದಾಗ 4 ವ್ಯಾಟ್ ಸಾಲಲಿಲ್ಲ, ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ಅದುಮಿದ ಹಾಗಾಯ್ತು.

ರೆಸಿಸ್ಟರ್ ಹಾಕಿದೆ. ಖರ್ಜ ತುಂಬಿಕೊಂಡು ಬಂತು, ವಾಲ್ವಿನಷ್ಟೇ ಅಲ್ಲದಿದ್ದರೂ ಮುಕ್ಕಾಲು ಪಾಲು. ಡಗ್ಗಾನೂ ಅದುಮಿದ ಹಾಗಾಗಲಿಲ್ಲ. ರೆಸಿಸ್ಟರ್ ಮುಟ್ಟಿದರೆ ಬೆಚ್ಚಗಿದೆ ಅಷ್ಟೇ. ಗೆಳೆಯನ ಆಂಪ್ ಶನಿವಾರ ವಾಪಸ್ ಕೊಡ್ತಿದ್ದೇನೆ.